ಬೆವರು ಬಾರದ ಊರಿನಲ್ಲಿ ಸಕ್ಕರೆ ಕಾಯಿಲೆ

ಅಮೆರಿಕದ ಮಿನಸೋಟ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ ಮಧುಮೇಹಿಗಳಿಗೆ ಆಹಾರದ ಸಲಹೆ ಕೊಡುವ ಕೆಲಸದಲ್ಲಿ ನಾನು ಬಹಳ ವರ್ಷಗಳಿಂದ ಇದ್ದೇನೆ. ನನ್ನಲ್ಲಿಗೆ ಬರುವವರಲ್ಲಿ ದೊಡ್ಡ ಪಾಲು ಹ್ಮಾಂಗ್ ಸಮುದಾಯದ ಹಿರಿಯರು. ಈ ಕಾಯಿಲೆ ನಿಮಗೆ ಯಾಕೆ ಬಂತೆಂದು ನಿಮಗನ್ನಿಸುತ್ತದೆ ಎಂದು ಅವರನ್ನು ಕೇಳಿದರೆ, ಸಿಹಿ ತಿಂದದ್ದರಿಂದ ಬಂತು ಎನ್ನುವವರಿಗಿಂತ, ಇಲ್ಲಿ ಬೆವರು ಬರುವುದಿಲ್ಲ, ಅದಕ್ಕೇ ಬಂತು ಎನ್ನುವವರೇ ಹೆಚ್ಚು. ಲಾವೋಸಿನ ಬೆಟ್ಟಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲಿ ದುಡಿದು ಬೆವರುತ್ತಿದ್ದೆವು, ತಿಂದದ್ದೆಲ್ಲ ಮೈಯಿಂದ ಹೊರಗೆ ಹೋಗುತ್ತಿತ್ತು, ಇಲ್ಲಿ ಆರು ತಿಂಗಳು ಹಿಮ, ಮನೆಯೊಳಗೆ ಕೂತು ತಿನ್ನುತ್ತೇವೆ, ಒಳಗೆ ಹೋದದ್ದು ಒಳಗೇ ಉಳಿಯುತ್ತದೆ ಎಂದು ಅವರು ವಿವರಿಸುತ್ತಾರೆ. ಈ ಮಾತನ್ನು ಮೂಢನಂಬಿಕೆಯ ಪಟ್ಟಿಗೆ ಸೇರಿಸಿ, ಮುಗುಳ್ನಕ್ಕು, ಮೇದೋಜೀರಕ ಗ್ರಂಥಿಯ ಚಿತ್ರವನ್ನು ತೆರೆದು ಪಾಠ ಶುರುಮಾಡುವುದು ನಮ್ಮ ವೃತ್ತಿಯಲ್ಲಿ ಸಾಮಾನ್ಯ. ಹಾಗೆ ಶುರುವಾದ ಪಾಠ ಅಲ್ಲಿಗೇ ಮುಗಿದಂತೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಹಿರಿಯರು ತಮ್ಮ ಕಾಯಿಲೆಗೆ ಕೊಡುವ ವಿವರಣೆ ಶಿಕ್ಷಣಕ್ಕೆ ಅಡ್ಡಿಯಲ್ಲ, ಶಿಕ್ಷಣ ಆರಂಭವಾಗಬೇಕಾದದ್ದೇ ಅಲ್ಲಿಂದ ಎಂಬುದನ್ನು ಹೇಳಲೆಂದೇ ಈ ಬರಹ.

ಹ್ಮಾಂಗ್ ಜನರ ಹೆಸರನ್ನೇ ಕೇಳಿರದ ಕನ್ನಡ ಓದುಗರು ಬಹಳ ಮಂದಿ ಇರಬಹುದು. ಇವರು ಮೂಲತಃ ದಕ್ಷಿಣ ಚೀನಾದ ಬೆಟ್ಟಗಾಡಿನವರು. ಕಾಲಕ್ರಮದಲ್ಲಿ ವಿಯೆಟ್ನಾಂ, ಲಾವೋಸ್ ಮತ್ತು ಥಾಯ್ಲೆಂಡಿನ ಎತ್ತರದ ಪ್ರದೇಶಗಳಿಗೆ ಹರಡಿ, ಕಾಡು ಕಡಿದು ಸುಟ್ಟು ಭತ್ತ, ಜೋಳ ಬೆಳೆಯುತ್ತ ಬದುಕಿದವರು. ಅಮೆರಿಕವು ವಿಯೆಟ್ನಾಂನಲ್ಲಿ ಬಹಿರಂಗವಾಗಿ ಹೋರಾಡುತ್ತಿದ್ದ ಕಾಲದಲ್ಲೇ ಅದರ ಗುಪ್ತಚರ ಸಂಸ್ಥೆ ಸಿಐಎ ಲಾವೋಸಿನಲ್ಲಿ ಗುಟ್ಟಾಗಿ ಒಂದು ಯುದ್ಧ ನಡೆಸಿತು. ಜನರಲ್ ವಾಂಗ್ ಪಾವ್ ನೇತೃತ್ವದಲ್ಲಿ ಆ ಯುದ್ಧದ ಕಾಲಾಳುಗಳಾದವರು ಹ್ಮಾಂಗ್ ಗಂಡಸರು ಮತ್ತು ಹುಡುಗರು. 1975ರ ಮೇ ತಿಂಗಳಲ್ಲಿ ಆ ಸೇನೆಯ ಲಾಂಗ್ ಚೆಂಗ್ ನೆಲೆ ಬಿದ್ದ ಮೇಲೆ, ಗೆದ್ದ ಕಮ್ಯುನಿಸ್ಟರ ಸೇಡಿಗೆ ಹೆದರಿ ಸಾವಿರಾರು ಕುಟುಂಬಗಳು ಕಾಡಿನ ದಾರಿ ಹಿಡಿದು, ಮೆಕಾಂಗ್ ನದಿಯನ್ನು ರಾತ್ರಿ ದಾಟಿ ಥಾಯ್ಲೆಂಡಿನ ಶಿಬಿರಗಳನ್ನು ಸೇರಿದವು. ಅಲ್ಲಿಂದ ಅಮೆರಿಕಕ್ಕೆ ಬಂದವರು ಕ್ಯಾಲಿಫೋರ್ನಿಯದ ಫ್ರೆಸ್ನೊ ಮತ್ತು ಮರ್ಸೆಡ್ ಸುತ್ತಮುತ್ತ, ವಿಸ್ಕಾನ್ಸಿನ್ ರಾಜ್ಯದ ಸಣ್ಣ ಪಟ್ಟಣಗಳಲ್ಲಿ, ಮತ್ತು ಎಲ್ಲಕ್ಕಿಂತ ದಟ್ಟವಾಗಿ ಈ ಸೇಂಟ್ ಪಾಲ್–ಮಿನಿಯಾಪೊಲಿಸ್ ಅವಳಿ ನಗರಗಳಲ್ಲಿ ನೆಲೆಗೊಂಡರು. ಕೊನೆಯ ದೊಡ್ಡ ಗುಂಪು, ಸುಮಾರು 15,000 ಜನ, ಥಾಯ್ಲೆಂಡಿನ ವಾಟ್ ಥಾಮ್ ಕ್ರಬೋಕ್ ಎಂಬ ಬೌದ್ಧ ಮಠದ ಆವರಣದಿಂದ 2004ರ ನಂತರ ಬಂತು.

ಹೀಗೆ ಬಂದವರ ನಡುವೆ ಒಂದೇ ತಲೆಮಾರಿನಲ್ಲಿ ಮಧುಮೇಹ ಹಬ್ಬಿದೆ. ವಿಸ್ಕಾನ್ಸಿನ್‌ನ ಹ್ಮಾಂಗ್ ರೋಗಿಗಳ ದಾಖಲೆಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅವರ ವಯಸ್ಕರಲ್ಲಿ ಎರಡನೆಯ ಬಗೆಯ ಮಧುಮೇಹದ ಪ್ರಮಾಣ ಅದೇ ಪ್ರದೇಶದ ಬಿಳಿಯರಲ್ಲಿ ಇರುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಎಂದು ಕಂಡುಕೊಂಡಿತು. ನೋಡಲು ದಪ್ಪಗಿಲ್ಲದವರಲ್ಲೂ ಈ ಕಾಯಿಲೆ ಇರುವುದರಿಂದ ಅದು ಬಹುಕಾಲ ಗೊತ್ತಾಗದೆ ಉಳಿಯುತ್ತದೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಲ್ಲಿ, ಏಷ್ಯಾ ಮೂಲದವರಿಗೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, 25 ಆಗುವವರೆಗೆ ಕಾಯದೆ 23ಕ್ಕೇ ರಕ್ತ ಪರೀಕ್ಷೆಯ ಯೋಚನೆ ಮಾಡಬೇಕೆಂದು ಹೇಳಿದ್ದು ಇದೇ ಕಾರಣಕ್ಕೆ. ಆ ಮಾತು ನಮಗೂ ಅನ್ವಯಿಸುತ್ತದೆ. ತೆಳ್ಳಗಿದ್ದೂ ಹೊಟ್ಟೆಯ ಸುತ್ತ ಕೊಬ್ಬು ತುಂಬಿಕೊಳ್ಳುವ ಮೈಕಟ್ಟು ಕನ್ನಡ ನಾಡಿನ ಮನೆಮನೆಯಲ್ಲೂ ಪರಿಚಿತವೇ.

ಈಗ ಬೆವರಿನ ಮಾತಿಗೆ ಬರುತ್ತೇನೆ. ಸೇಂಟ್ ಪಾಲ್‌ನಲ್ಲಿ ಹ್ಮಾಂಗ್ ಜನರ ನಡುವೆ ದಶಕಗಳ ಕಾಲ ವೈದ್ಯವೃತ್ತಿ ನಡೆಸಿದ ಡಾ. ಕ್ಯಾಥ್ಲೀನ್ ಕಲ್ಹೇನ್-ಪೆರ ಮತ್ತು ಅವರ ಸಹೋದ್ಯೋಗಿಗಳು ಹ್ಮಾಂಗ್ ಮಧುಮೇಹಿಗಳ ಜೊತೆ ಕೂತು ಅವರ ತಿಳುವಳಿಕೆಯನ್ನು ದಾಖಲಿಸಿ 2007ರಲ್ಲಿ ಪ್ರಕಟಿಸಿದರು. ಅದರ ಒಟ್ಟು ತಾತ್ಪರ್ಯ, ಈ ದೇಶದಲ್ಲಿ ನಾವು ಸಮತೋಲ ಕಳೆದುಕೊಂಡಿದ್ದೇವೆ ಎಂಬುದು. ಊಟಕ್ಕೂ ದುಡಿಮೆಗೂ, ಮೈಗೂ ಹವೆಗೂ, ಮನುಷ್ಯನಿಗೂ ಅವನ ಬಂಧುಬಳಗಕ್ಕೂ ಇದ್ದ ಹೊಂದಾಣಿಕೆ ತಪ್ಪಿದೆ, ಕಾಯಿಲೆ ಅಲ್ಲಿಂದ ಹುಟ್ಟಿದೆ ಎನ್ನುತ್ತಾರೆ ಹಿರಿಯರು. ಇದನ್ನು ಶರೀರಶಾಸ್ತ್ರದ ಪಕ್ಕದಲ್ಲಿಟ್ಟು ನೋಡಬೇಕು. ದುಡಿಯುವ ಸ್ನಾಯು ರಕ್ತದಲ್ಲಿರುವ ಗ್ಲೂಕೋಸನ್ನು ಇನ್ಸುಲಿನ್‌ನ ನೆರವು ಹೆಚ್ಚು ಬೇಡದೆ ತಾನೇ ಎಳೆದುಕೊಳ್ಳುತ್ತದೆ, ಒಮ್ಮೆ ಚೆನ್ನಾಗಿ ದುಡಿದ ಮೇಲೆ ಮುಂದಿನ ಒಂದು ದಿನದವರೆಗೂ ಇನ್ಸುಲಿನ್‌ಗೆ ಹೆಚ್ಚು ಚುರುಕಾಗಿ ಸ್ಪಂದಿಸುತ್ತದೆ, ದುಡಿಮೆ ನಿಂತರೆ ಆ ಚುರುಕು ಹೋಗುತ್ತದೆ. ಸಕ್ಕರೆ ಬೆವರಿನ ಮೂಲಕ ಹೊರಗೆ ಹೋಗುವುದಿಲ್ಲ ಎಂಬುದೊಂದನ್ನು ಬಿಟ್ಟರೆ, ಇಳಿಜಾರಿನ ಹೊಲದಲ್ಲಿ ಬೆವರು ಸುರಿಸಿ ದುಡಿದು ಬೆಳೆದ ಅಜ್ಜಿಯ ವಿವರಣೆ ನಮ್ಮ ಪಠ್ಯಪುಸ್ತಕದ ವಿವರಣೆಗಿಂತ ಎಲ್ಲಿ ದೂರವಿದೆ? ಊರಿಗೆ ಹೋಗಿ ಬೆಟ್ಟ ಹತ್ತಿ ಇಳಿದು ಕೆಲವು ವಾರ ಇದ್ದು ಬಂದಾಗ ಸಕ್ಕರೆ ತಾನಾಗಿಯೇ ಇಳಿದಿತ್ತು ಎಂದು ಹೇಳುವವರನ್ನು ನಾನು ಕಂಡಿದ್ದೇನೆ. ಅದನ್ನು ಸುಳ್ಳೆಂದು ತಳ್ಳುವ ಬದಲು, ಹೌದು, ಇಳಿದಿರಲೇಬೇಕು, ಅಲ್ಲಿ ನೀವು ಏನು ಮಾಡಿದಿರಿ ಹೇಳಿ ಎಂದು ಕೇಳಿದರೆ, ವ್ಯಾಯಾಮದ ಪಾಠವನ್ನು ರೋಗಿಯೇ ಹೇಳಿಕೊಡುತ್ತಾರೆ. ಜಿಮ್ ಎಂಬ ಮಾತಿಗೆ ಅಲುಗದ ಹಿರಿಯರು ತೋಟದ ಮಾತಿಗೆ ಎದ್ದು ಕೂರುತ್ತಾರೆ.

ತೋಟದ ಮಾತನ್ನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಸೇಂಟ್ ಪಾಲ್‌ನ ರೈತ ಸಂತೆಯಲ್ಲಿ ಇವತ್ತು ತಾಜಾ ತರಕಾರಿ ಮಾರುವವರಲ್ಲಿ ಹ್ಮಾಂಗ್ ಕುಟುಂಬಗಳದ್ದು ಬಹಳ ದೊಡ್ಡ ಪಾಲು. 2011ರಲ್ಲಿ ಆರಂಭವಾದ ಹ್ಮಾಂಗ್ ಅಮೆರಿಕನ್ ಫಾರ್ಮರ್ಸ್ ಅಸೋಸಿಯೇಷನ್ ನಗರದ ದಕ್ಷಿಣಕ್ಕೆ ವರ್ಮಿಲಿಯನ್ ಬಳಿ 155 ಎಕರೆ ಜಮೀನನ್ನು ನಡೆಸುತ್ತದೆ. ಸಾಸಿವೆ ಸೊಪ್ಪು, ಕುಂಬಳದ ಕುಡಿ, ಹಾಗಲಕಾಯಿ, ನಿಂಬೆಹುಲ್ಲು, ತರತರದ ಮೆಣಸಿನಕಾಯಿ ಬೆಳೆದು ಮಾರುವ ಜನರಿಗೆ, ಬ್ರಾಕೊಲಿ ಮತ್ತು ಸಲಾಡಿನ ಚಿತ್ರ ತೋರಿಸಿ ತರಕಾರಿ ತಿನ್ನಿ ಎಂದು ಉಪದೇಶಿಸುವುದು ಎಷ್ಟು ಅಸಂಗತವೆಂದು ಬೇರೆ ಹೇಳಬೇಕಿಲ್ಲ. ಹಳೆಯ ತಲೆಮಾರಿನ ಹ್ಮಾಂಗ್ ಅಡಿಗೆಯಲ್ಲಿ ಎಣ್ಣೆ ಕಡಿಮೆ, ಬೇಯಿಸಿದ್ದು ಹೆಚ್ಚು: ಸೊಪ್ಪಿನ ನೀರು, ಗಿಡಮೂಲಿಕೆ ಹಾಕಿ ಕುದಿಸಿದ ಕೋಳಿ, ಖಾರದ ಚಟ್ನಿ. ಸಮಸ್ಯೆ ಇರುವುದು ಅದರ ಜೊತೆಗಿನ ಅನ್ನದ ಪ್ರಮಾಣದಲ್ಲಿ, ಸಮಾರಂಭಗಳಲ್ಲಿ ಸೇರಿಕೊಂಡ ಸೋಡಾ ಬಾಟಲಿಗಳಲ್ಲಿ, ತೆಂಗಿನ ಹಾಲು ಮತ್ತು ಸಬ್ಬಕ್ಕಿಯ ಸಿಹಿಯಲ್ಲಿ.

ಅನ್ನದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಬೇಯಿಸಿದ ಅನ್ನದ ಮೂರನೇ ಒಂದು ಕಪ್ಪಿನಲ್ಲಿ 15 ಗ್ರಾಂ ಶರ್ಕರಪಿಷ್ಟ ಇರುತ್ತದೆ ಎಂಬುದು ನಮ್ಮ ಲೆಕ್ಕ, ಹಾಗಾಗಿ ಒಂದು ಹೊತ್ತಿಗೆ ಒಂದು ಕಪ್ಪಿನ ಆಸುಪಾಸಿನಲ್ಲಿ ನಿಲ್ಲಿಸಿ ಎಂಬುದು ನಮ್ಮ ಸಲಹೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದನ್ನು ಕೇಳಿಸಿಕೊಳ್ಳುವವರು ಯಾರು? ಕಾಡಿನಲ್ಲಿ ವಾರಗಟ್ಟಲೆ ಗೆಡ್ಡೆ, ಚಿಗುರು ತಿಂದು ನಡೆದವರು, ಹಸಿವಿನಿಂದ ಮಕ್ಕಳನ್ನು ಕಳೆದುಕೊಂಡವರು, ಶಿಬಿರದಲ್ಲಿ ಪಡಿತರದ ಅಕ್ಕಿಗಾಗಿ ಸಾಲು ನಿಂತವರು. ಅವರ ಮನೆಯಲ್ಲಿ ಈಗ ಅಕ್ಕಿಯ ದೊಡ್ಡ ಚೀಲ ಇದೆ, ಬಂದವರಿಗೆಲ್ಲ ಬಡಿಸಬಹುದು, ಯಾರೂ ಹಸಿದು ಎದ್ದು ಹೋಗಬೇಕಿಲ್ಲ. ಅಂಥವರಿಗೆ ಬಿಳಿ ಕೋಟು ಹಾಕಿದವರು ಅನ್ನ ಕಡಿಮೆ ಮಾಡಿ ಎಂದಾಗ ಕೇಳಿಸುವುದು ಪಥ್ಯದ ಮಾತೊಂದೇ ಅಲ್ಲ. ಬರ, ಹಸಿವು ಕಂಡ ತಲೆಮಾರು ನಮ್ಮಲ್ಲೂ ಇತ್ತು. ಪಡಿತರದ ದಿನಗಳನ್ನು ದಾಟಿ ಬಂದ ಅಜ್ಜಿಯರು ಮೊಮ್ಮಕ್ಕಳ ತಟ್ಟೆಗೆ ಇನ್ನೊಂದು ಸೌಟು ಬಡಿಸದೆ ಬಿಡುತ್ತಿರಲಿಲ್ಲ ಎಂಬುದನ್ನು ನೆನೆದರೆ ಇದು ನಮಗೆ ಬೇಗ ಅರ್ಥವಾಗುತ್ತದೆ.

ಆದ್ದರಿಂದ ನಾನು ಅನ್ನ ಬಿಡಿ ಎಂದು ಯಾರಿಗೂ ಹೇಳುವುದಿಲ್ಲ. ಹ್ಮಾಂಗ್ ಮನೆಗಳಲ್ಲಿ ಪದಾರ್ಥಗಳನ್ನು ಮೇಜಿನ ನಡುವೆ ಇಟ್ಟು ಎಲ್ಲರೂ ಒಂದೇ ಬಟ್ಟಲಿನಿಂದ ಚಮಚದಲ್ಲಿ ತೆಗೆದುಕೊಳ್ಳುವ ರೂಢಿ ಇರುವುದರಿಂದ, ಅರ್ಧ ತರಕಾರಿ, ಕಾಲುಭಾಗ ಮಾಂಸ, ಕಾಲುಭಾಗ ಅನ್ನ ಎಂದು ವಿಂಗಡಿಸಿದ ಒಂಬತ್ತು ಅಂಗುಲದ ತಟ್ಟೆಯ ಚಿತ್ರ ಅವರ ಊಟದ ಮೇಜಿಗೆ ಹೊಂದುವುದೇ ಇಲ್ಲ. ಅದರ ಬದಲು, ನಿಮ್ಮ ಅನ್ನವನ್ನು ಮಾತ್ರ ನಿಮ್ಮದೇ ಒಂದು ಸಣ್ಣ ಬಟ್ಟಲಿಗೆ ಮೊದಲೇ ಹಾಕಿಕೊಳ್ಳಿ, ಸೊಪ್ಪು ಮತ್ತು ಕೋಳಿಯಿಂದ ಊಟ ಆರಂಭಿಸಿ, ಅನ್ನವನ್ನು ಕೊನೆಗೆ ತಿನ್ನಿ ಎಂದು ಹೇಳಿದರೆ ಪಂಕ್ತಿ ಬಿಟ್ಟು ಬೇರೆ ಕೂರುವ ಅವಮಾನ ಯಾರಿಗೂ ಆಗುವುದಿಲ್ಲ. ಶರ್ಕರಪಿಷ್ಟವನ್ನು ಕೊನೆಗೆ ತಿಂದರೆ ಊಟದ ನಂತರದ ಸಕ್ಕರೆಯ ಏರಿಕೆ ಕಡಿಮೆಯಾಗುತ್ತದೆ ಎಂಬುದಕ್ಕೆ ಪ್ರಯೋಗಗಳ ಆಧಾರವೂ ಇದೆ. ಹೊಸ ವರ್ಷದ ಅಂಟಕ್ಕಿಗೂ, ಹಲವು ದಿನ ನಡೆಯುವ ಅಂತ್ಯಕ್ರಿಯೆಯ ಊಟಕ್ಕೂ ಬೇರೆಯದೇ ಯೋಜನೆ ಬೇಕು. ಅಲ್ಲಿ ಬಡಿಸಿದ್ದನ್ನು ಬೇಡವೆನ್ನುವುದು ಸತ್ತವರಿಗೂ ಬಂಧುಗಳಿಗೂ ಮಾಡುವ ಅಗೌರವ. ಆ ದಿನಗಳಲ್ಲಿ ಸೋಡಾ ಬದಲು ನೀರು, ಊಟದ ಬಳಿಕ ನಡಿಗೆ, ಔಷಧಿ ತಪ್ಪಿಸದಿರುವುದು, ಇಷ್ಟನ್ನು ಕೇಳುವುದು ನ್ಯಾಯ.

ಆಸ್ಪತ್ರೆಗಳು ಸಾಂಸ್ಕೃತಿಕ ಸೂಕ್ಷ್ಮತೆ ಎಂಬ ಹೆಸರಿನಲ್ಲಿ ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ ಇಂಗ್ಲಿಷ್ ಕರಪತ್ರವನ್ನು ಹ್ಮಾಂಗ್ ಭಾಷೆಗೆ ಅನುವಾದಿಸಿ ಮುದ್ರಿಸುವುದು. ಈ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯುವ ಪದ್ಧತಿ ರೂಪುಗೊಂಡದ್ದೇ 1950ರ ದಶಕದ ಆರಂಭದಲ್ಲಿ, ಲಾವೋಸಿನಲ್ಲಿದ್ದ ಪಾದ್ರಿಗಳು ಮತ್ತು ಭಾಷಾತಜ್ಞರ ಕೈಯಲ್ಲಿ. ಬೆಟ್ಟದ ಹಳ್ಳಿಗಳಲ್ಲಿ ಶಾಲೆಯನ್ನೇ ಕಾಣದೆ ಯುದ್ಧದ ನಡುವೆ ಬೆಳೆದ ಹಿರಿಯರಲ್ಲಿ ಬಹಳ ಮಂದಿ, ವಿಶೇಷವಾಗಿ ಹೆಂಗಸರು, ಅದನ್ನು ಓದಲಾರರು. ಓದಬಲ್ಲ ಮೊಮ್ಮಕ್ಕಳಿಗೆ ಇಂಗ್ಲಿಷೇ ಸಲೀಸು. ಹೀಗಾಗಿ ಸುಂದರವಾಗಿ ಮುದ್ರಿತವಾದ ಆ ಕಾಗದ ಯಾರನ್ನೂ ತಲುಪದೆ ಕೌಂಟರಿನ ಮೇಲೆ ಉಳಿಯುತ್ತದೆ. ಬಿಳಿ ಹ್ಮಾಂಗ್ ಮತ್ತು ಹಸಿರು ಹ್ಮಾಂಗ್ ಎಂಬ ಎರಡು ಉಪಭಾಷೆಗಳಲ್ಲಿ ಯಾವುದರಲ್ಲಿ ಬರೆದರೆ ಯಾರಿಗೆ ಬೇಸರ ಎಂಬುದು ಇನ್ನೊಂದು ಗೊಂದಲ. ಈ ಜನರ ಅರಿವು ಹರಿದು ಬಂದಿರುವುದು ಬಾಯಿಮಾತಿನಲ್ಲಿ, ಹಾಡಿನಲ್ಲಿ, ಕಸೂತಿಯಲ್ಲಿ. ಥಾಯ್ಲೆಂಡಿನ ಶಿಬಿರಗಳಲ್ಲಿ ಹೆಂಗಸರು ಯುದ್ಧವನ್ನೂ ಮೆಕಾಂಗ್ ದಾಟಿದ ರಾತ್ರಿಯನ್ನೂ ಬಟ್ಟೆಯ ಮೇಲೆ ಹೆಣೆದು ಕಥೆ ಹೇಳಿದರು. ಇಲ್ಲಿಗೆ ಬಂದ ಮೇಲೆ ಉಚಿತ ಕಾನ್ಫರೆನ್ಸ್ ಕರೆಯ ಮಾರ್ಗಗಳನ್ನೇ ರೇಡಿಯೊ ಮಾಡಿಕೊಂಡು, ನೂರಾರು ಜನ ಒಂದೇ ಫೋನ್ ಸಂಖ್ಯೆಗೆ ಕರೆ ಮಾಡಿ ಸುದ್ದಿ, ಹರಟೆ, ವಾದ ಕೇಳುವ ವ್ಯವಸ್ಥೆಯನ್ನು ಕಟ್ಟಿಕೊಂಡರು. ಸಕ್ಕರೆ ಕಾಯಿಲೆಯನ್ನು ಹತ್ತು ವರ್ಷ ಸಂಭಾಳಿಸಿದ ಹಿರಿಯರೊಬ್ಬರು ಅಂಥ ಕರೆಯಲ್ಲಿ ಅರ್ಧ ಗಂಟೆ ಮಾತಾಡಿದರೆ, ಸಾವಿರ ಕರಪತ್ರ ಮುಟ್ಟದ ಕಡೆ ಮಾತು ಮುಟ್ಟುತ್ತದೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಹೆದರಿಸುವ ಬೋಧನೆ ಎಂದು ನನಗೆ ಮನವರಿಕೆಯಾಗಿದೆ. ಸಕ್ಕರೆ ಹೀಗೇ ಇದ್ದರೆ ಕಣ್ಣು ಹೋಗುತ್ತದೆ, ಕಾಲು ಕತ್ತರಿಸಬೇಕಾಗುತ್ತದೆ, ಡಯಾಲಿಸಿಸ್ ಬೇಕಾಗುತ್ತದೆ ಎಂದು ಮೊದಲ ಭೇಟಿಯಲ್ಲೇ ಹೇಳಿಬಿಡುವುದನ್ನು ಪ್ರಾಮಾಣಿಕತೆ ಎಂದು ವೈದ್ಯರು ತಿಳಿದಿರುತ್ತಾರೆ. ಹ್ಮಾಂಗ್ ಹಿರಿಯರಿಗೆ ಅದು ಶಾಪದ ಹಾಗೆ ಕೇಳಿಸುತ್ತದೆ. ಆಗಬಾರದ್ದನ್ನು ಬಾಯಿಬಿಟ್ಟು ಆಡಿದವರು ಅದನ್ನು ಕರೆದಂತೆ. ನಮ್ಮ ಮನೆಗಳಲ್ಲಿ ಯಾರಾದರೂ ಅಶುಭ ನುಡಿದರೆ, ಅಸ್ತು ದೇವತೆಗಳು ಕೇಳಿಸಿಕೊಂಡಾರು, ಬಿಡ್ತು ಅನ್ನು ಎಂದು ಗದರಿಸುವ ಹಿರಿಯರನ್ನು ಕಂಡವರಿಗೆ ಈ ಭಯ ಹೊಸದಲ್ಲ. ಜೊತೆಗೆ, ಅಂಗ ಕಳೆದುಕೊಂಡ ದೇಹ ಮುಂದಿನ ಜನ್ಮಕ್ಕೂ ಊನವಾಗಿಯೇ ಹೋಗುತ್ತದೆ ಎಂಬ ಆತಂಕವೂ ಹಲವರಲ್ಲಿದೆ, ಹಾಗಾಗಿ ಕಾಲಿನ ಮಾತು ಈ ಜನ್ಮದ ಮಾತಷ್ಟೇ ಆಗಿ ಉಳಿಯುವುದಿಲ್ಲ. ಹೀಗೆ ಹೆದರಿದವರು ಮುಂದಿನ ಭೇಟಿಗೆ ಬರುವುದಿಲ್ಲ, ಬಾರದವರ ಕಡತದಲ್ಲಿ ಸಹಕರಿಸದ ರೋಗಿ ಎಂಬ ಟಿಪ್ಪಣಿ ಬೀಳುತ್ತದೆ. ಅದೇ ವಿಷಯವನ್ನು ಹೇಳಲು ಬೇರೆ ದಾರಿ ಇದೆ. ಈ ಕಾಯಿಲೆ ಇದ್ದ ಕೆಲವರ ಪಾದದ ಸ್ಪರ್ಶ ಕಡಿಮೆಯಾಗುತ್ತದೆ, ಗಾಯವಾದದ್ದು ಗೊತ್ತಾಗುವುದಿಲ್ಲ, ಆದ್ದರಿಂದ ತೋಟದಿಂದ ಬಂದ ಮೇಲೆ ಪಾದ ನೋಡಿಕೊಳ್ಳುವವರು ಚೆನ್ನಾಗಿರುತ್ತಾರೆ ಎಂದರೆ ಸತ್ಯವನ್ನು ಮುಚ್ಚಿಟ್ಟಂತಾಗುವುದಿಲ್ಲ, ಎದುರು ಕೂತವರ ತಲೆಯ ಮೇಲೆ ಅದನ್ನು ಇಟ್ಟಂತೆಯೂ ಆಗುವುದಿಲ್ಲ.

ಆತ್ಮಗಳ ವಿಷಯವನ್ನು ತಪ್ಪಿಸಿ ಈ ಬರಹ ಮುಂದೆ ಹೋಗಲಾರದು. ಮನುಷ್ಯನಿಗೆ ಒಂದಕ್ಕಿಂತ ಹೆಚ್ಚು ಆತ್ಮಗಳಿವೆ, ಬೆದರಿ ಅಥವಾ ನೊಂದು ಒಂದು ಆತ್ಮ ದೂರ ಹೋದರೆ ಕಾಯಿಲೆ ಬರುತ್ತದೆ, ಅದನ್ನು ಕರೆದು ತರಬೇಕು ಎಂಬುದು ಹ್ಮಾಂಗ್ ನಂಬಿಕೆ. ಕರೆದು ತರುವವರು ತ್ಸಿ ನೆಂಗ್ ಎಂಬ ಶಾಮನ್‌ಗಳು. ಕ್ರೈಸ್ತರಾದ ಹ್ಮಾಂಗ್ ಕುಟುಂಬಗಳೂ ಸಾಕಷ್ಟಿವೆ, ಆದ್ದರಿಂದ ಯಾರ ಬಗೆಗೂ ಊಹೆ ಮಾಡಬಾರದು, ಕೇಳಿಯೇ ತಿಳಿಯಬೇಕು. ಕ್ಯಾಲಿಫೋರ್ನಿಯದ ಮರ್ಸೆಡ್ ನಗರದ ಮರ್ಸಿ ಮೆಡಿಕಲ್ ಸೆಂಟರ್ 2009ರಲ್ಲಿ ಶಾಮನ್‌ಗಳಿಗೆ ಪಾದ್ರಿಗಳಿಗೆ ಸಮಾನವಾದ ಪ್ರವೇಶ ಕೊಟ್ಟು, ಆತ್ಮವನ್ನು ಕರೆಯುವುದೂ ಸೇರಿದಂತೆ ಒಂಬತ್ತು ವಿಧಿಗಳನ್ನು ಆಸ್ಪತ್ರೆಯೊಳಗೆ ನಡೆಸಲು ಅನುಮತಿ ನೀಡಿತು, ಆಧುನಿಕ ವೈದ್ಯದ ಮೂಲ ವಿಷಯಗಳನ್ನು ಶಾಮನ್‌ಗಳಿಗೆ ಪರಿಚಯಿಸುವ ತರಬೇತಿಯನ್ನೂ ನಡೆಸಿತು. ಮಧುಮೇಹದಂಥ ಜೀವಮಾನದ ಕಾಯಿಲೆಯಲ್ಲಿ ಇದರ ಬೆಲೆ ಇನ್ನೂ ಹೆಚ್ಚು ಎಂದು ನನಗನ್ನಿಸುತ್ತದೆ. ಶಾಮನ್ ಬಂದು ವಿಧಿ ನಡೆಸಿ, ಆತ್ಮ ಮರಳಿದೆ, ಇನ್ನು ಡಾಕ್ಟರ ಮಾತ್ರೆಯನ್ನೂ ತಪ್ಪದೆ ತೆಗೆದುಕೋ ಎಂದು ಹೇಳಿದರೆ, ಅದಕ್ಕಿಂತ ಬಲವಾದ ಆರೋಗ್ಯ ಶಿಕ್ಷಣ ಯಾವ ತಜ್ಞರಿಂದಲೂ ಸಾಧ್ಯವಿಲ್ಲ.

ಹಾಗೆಂದು ಹಿರಿಯರ ವಿವರಣೆ ಎಲ್ಲ ಕಡೆಯೂ ವೈದ್ಯದೊಡನೆ ಹೊಂದುತ್ತದೆ ಎಂದು ಹೇಳಿದರೆ ಅದು ಓಲೈಕೆಯಾಗುತ್ತದೆ. ಔಷಧಿ ಎಂದರೆ ಕಾಯಿಲೆ ಕಂಡಾಗ ತೆಗೆದುಕೊಂಡು, ವಾಸಿಯಾದಾಗ ನಿಲ್ಲಿಸುವ ವಸ್ತು ಎಂಬ ತಿಳುವಳಿಕೆ ಮಧುಮೇಹದಲ್ಲಿ ಅಪಾಯಕಾರಿ, ಏಕೆಂದರೆ ನೋವಿಲ್ಲದೆಯೇ ಸಕ್ಕರೆ ವರ್ಷಗಟ್ಟಲೆ ರಕ್ತನಾಳಗಳನ್ನು ಹಾಳುಮಾಡುತ್ತದೆ. ತಲೆ ತಿರುಗಿದ ದಿನ ಮಾತ್ರ ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಿದ್ದಾರೆ. ಪದೇಪದೇ ರಕ್ತ ತೆಗೆದರೆ ಮೈಯ ಶಕ್ತಿ ಹೋಗುತ್ತದೆ, ಹೋದ ರಕ್ತ ಮರಳಿ ತುಂಬುವುದಿಲ್ಲ ಎಂಬ ಭಯ ಇದೆ. ಇನ್ಸುಲಿನ್ ಶುರುಮಾಡಿದ ನೆಂಟರೊಬ್ಬರು ಕುರುಡಾದರು, ಇನ್ನೊಬ್ಬರು ತೀರಿಕೊಂಡರು, ಆದ್ದರಿಂದ ಇನ್ಸುಲಿನ್ನೇ ಅದಕ್ಕೆ ಕಾರಣ ಎಂಬ ಮಾತು ಬಹಳ ಬಳಕೆಯಲ್ಲಿದೆ. ಇನ್ಸುಲಿನ್ ತಡವಾಗಿ ಆರಂಭಿಸಿದ್ದರಿಂದ ಹಾಗಾಯಿತು, ಅದನ್ನು ಆರಂಭಿಸಿದ್ದರಿಂದಲ್ಲ ಎಂದು ಬಿಡಿಸಿ ಹೇಳಲು ಸಮಯ ಬೇಕು, ತೀರಿಕೊಂಡವರ ಬಗ್ಗೆ ಗೌರವ ಬೇಕು. ಇಲ್ಲಿ ನಾನು ರಾಜಿಯಾಗುವುದಿಲ್ಲ, ಮೃದುವಾಗಿ ಆದರೆ ಸ್ಪಷ್ಟವಾಗಿ ವಾದಿಸುತ್ತೇನೆ. ಹ್ಮಾಂಗ್‌ಟೌನ್ ಮತ್ತು ಹ್ಮಾಂಗ್ ವಿಲೇಜ್ ಎಂಬ ಇಲ್ಲಿನ ದೊಡ್ಡ ಮಾರುಕಟ್ಟೆಗಳಲ್ಲಿ ಸಿಗುವ ಗಿಡಮೂಲಿಕೆಗಳ ಬಗ್ಗೆ ಮಾತ್ರ ಗದರಿಸದೆ ವಿಚಾರಿಸಬೇಕು. ಗದರಿಸಿದರೆ ಅವರು ಬೇರು, ಎಲೆಗಳನ್ನು ಬಿಡುವುದಿಲ್ಲ, ನಮಗೆ ಹೇಳುವುದನ್ನು ಬಿಡುತ್ತಾರೆ, ಆಗ ಮಾತ್ರೆಯೂ ಮೂಲಿಕೆಯೂ ಸೇರಿ ಮೂತ್ರಪಿಂಡಕ್ಕೆ ಏನು ಮಾಡುತ್ತಿವೆ ಎಂಬುದು ಯಾರಿಗೂ ತಿಳಿಯದೆ ಹೋಗುತ್ತದೆ.

ಕುಟುಂಬದ ವಿಷಯವನ್ನೂ ಹೇಳಬೇಕು. ಹ್ಮಾಂಗ್ ಸಮಾಜದಲ್ಲಿ ಹದಿನೆಂಟು ಕುಲಗಳಿವೆ ಎಂದು ಇಲ್ಲಿ ಲೆಕ್ಕ ಹಾಕುತ್ತಾರೆ. ದೊಡ್ಡ ನಿರ್ಧಾರಗಳು ಕುಲದ ಹಿರಿಯರ, ಗಂಡಂದಿರ, ಮಕ್ಕಳ ಜೊತೆ ಕೂತು ಆಗುತ್ತವೆ. ಅಜ್ಜಿಗೆ ಎಷ್ಟೇ ಚೆನ್ನಾಗಿ ಪಾಠ ಹೇಳಿದರೂ ಮನೆಯಲ್ಲಿ ಅಡಿಗೆ ಮಾಡುವ ಸೊಸೆ ಕೋಣೆಯಲ್ಲಿಲ್ಲದಿದ್ದರೆ ಆ ಪಾಠ ಒಲೆಯ ತನಕ ಹೋಗುವುದಿಲ್ಲ. ಆದರೆ ಮಕ್ಕಳನ್ನೇ ದುಭಾಷಿಗಳನ್ನಾಗಿ ಬಳಸುವುದು ಬೇರೆ ಮಾತು. ತಂದೆಯ ಲೈಂಗಿಕ ತೊಂದರೆಯನ್ನೋ ತಾಯಿಯ ಖಿನ್ನತೆಯನ್ನೋ ಹದಿಹರೆಯದ ಮಗ ಬಾಯಿಬಿಟ್ಟು ಅನುವಾದಿಸಬೇಕಾದಾಗ ಅವನು ಅದನ್ನು ನುಂಗಿಬಿಡುತ್ತಾನೆ. ಅಪ್ರಾಪ್ತ ಮಕ್ಕಳನ್ನು ಹೀಗೆ ಬಳಸುವುದನ್ನು, ತುರ್ತು ಸಂದರ್ಭ ಹೊರತು, 2016ರ ಅಮೆರಿಕದ ಕೇಂದ್ರ ಸರ್ಕಾರದ ನಿಯಮಗಳು ನಿರ್ಬಂಧಿಸಿದ್ದು ಬಹಳ ತಡವಾಗಿ ಬಂದ ಒಳ್ಳೆಯ ಕೆಲಸ.

ಬಾಣಂತಿಯರ ವಿಷಯದಲ್ಲಿ ಕನ್ನಡ ಹೆಣ್ಣುಮಕ್ಕಳಿಗೆ ವಿವರಣೆಯೇ ಬೇಡ. ಹೆರಿಗೆಯ ನಂತರ ಮೂವತ್ತು ದಿನ ಬಿಸಿ ಅನ್ನ ಮತ್ತು ಮೂಲಿಕೆ ಹಾಕಿದ ಕೋಳಿ ಸಾರು ಮಾತ್ರ, ತಣ್ಣೀರು ಕೂಡದು, ತಂಪು ಪದಾರ್ಥ ಕೂಡದು ಎಂಬುದು ಹ್ಮಾಂಗ್ ಪದ್ಧತಿ. ಗರ್ಭಾವಸ್ಥೆಯಲ್ಲಿ ಸಕ್ಕರೆ ಕಾಣಿಸಿಕೊಂಡವರಿಗೆ ಆ ಪಥ್ಯವನ್ನು ಕೆಡಿಸದೆಯೇ, ಸಾರು ಮತ್ತು ಕೋಳಿ ಹೆಚ್ಚು, ಅನ್ನ ಅಳತೆಯಲ್ಲಿ ಎಂದರೆ ಅತ್ತೆ, ತಾಯಿ ಇಬ್ಬರೂ ಒಪ್ಪುತ್ತಾರೆ.

ಇದಕ್ಕೆಲ್ಲ ಬೇಕಾಗಿರುವುದು ಸಮಯ, ಮತ್ತು ಸಮಯಕ್ಕೆ ಸಲ್ಲುವ ಹಣ. ಹಿರಿಯ ನಾಗರಿಕರ ಸರ್ಕಾರಿ ವಿಮೆಯಾದ ಮೆಡಿಕೇರ್, ಮಧುಮೇಹ ಶಿಕ್ಷಣಕ್ಕೆ ಮೊದಲ ವರ್ಷದಲ್ಲಿ 10 ಗಂಟೆ, ನಂತರ ವರ್ಷಕ್ಕೆ 2 ಗಂಟೆ ಕೊಡುತ್ತದೆ. ಆ ಹತ್ತರಲ್ಲಿ ಒಂಬತ್ತು ಗಂಟೆ ಸಾಮಾನ್ಯವಾಗಿ ಗುಂಪಿನಲ್ಲೇ ನಡೆಯಬೇಕೆಂಬ ನಿಯಮ, ಒಟ್ಟಿಗೆ ಕೂತು ಕೇಳಿ ಕಲಿಯುವ ಹ್ಮಾಂಗ್ ಹಿರಿಯರಿಗೆ ಅನುಕೂಲವೇ. ಆದರೆ ಪ್ರತಿಯೊಂದು ವಾಕ್ಯವೂ ದುಭಾಷಿಯ ಬಾಯಲ್ಲಿ ಎರಡನೆಯ ಸಲ ಹುಟ್ಟಬೇಕಾದ್ದರಿಂದ ಹತ್ತು ಗಂಟೆಯ ಪಾಠ ಅವರಿಗೆ ಐದೇ ಗಂಟೆ ದೊರೆಯುತ್ತದೆ. ಸಮುದಾಯದ ಆರೋಗ್ಯ ಕಾರ್ಯಕರ್ತರು ಕೊಡುವ ಶಿಕ್ಷಣಕ್ಕೆ ಬಡವರ ಆರೋಗ್ಯ ಯೋಜನೆಯಿಂದ ಹಣ ಸಲ್ಲಿಸಲು ಮಿನಸೋಟ 2007ರಲ್ಲೇ ಕಾನೂನು ಮಾಡಿದೆ, ಹ್ಮಾಂಗ್ ಭಾಷೆಯಲ್ಲೇ ನೇರವಾಗಿ ಪಾಠ ಹೇಳಬಲ್ಲ ಹೆಂಗಸರೂ ಗಂಡಸರೂ ಈ ಊರಿನಲ್ಲಿ ಇದ್ದಾರೆ. ಅವರನ್ನು ಅನುವಾದಕ್ಕೆ ಮಾತ್ರ ಕರೆಯದೆ ಪಾಠದ ಯಜಮಾನಿಕೆಯನ್ನೇ ಅವರಿಗೆ ಒಪ್ಪಿಸಿ, ನಾವು ಪಕ್ಕದಲ್ಲಿ ಕೂತು ಔಷಧಿ ಮತ್ತು ಅಳತೆಯ ಪ್ರಶ್ನೆಗಳಿಗೆ ಉತ್ತರಿಸಬೇಕು. ದುಭಾಷಿ ಬೇಕಾಗುವ ರೋಗಿಗಳಿಗೆ ಆ ಹತ್ತು ಗಂಟೆಯನ್ನು ಇಪ್ಪತ್ತು ಮಾಡಬೇಕು.